ಪೊಟ್ಯಾಸಿಯಂ ಗ್ರಾಫಿನ ಗೂನು: ನಮ್ಮ ಲ್ಯಾಬಿನ ನಾರ್ಮಲ್ ರೇಂಜ್ ಹುಡುಕಲು ಹೋಗಿ ಸೆಂಟ್ರಿಫ್ಯೂಜ್ ರಿಪೇರಿ ಮಾಡಿದ್ದು

ಮಂಡ್ಯದಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಕೌಂಟರ್ ಮೇಲೆ ಎರಡು ರಿಪೋರ್ಟ್ ಹರಡಿದರು. ಎರಡೂ ಥೈರಾಯ್ಡ್‌ದು, ಒಂದು ವಾರದ ಅಂತರದಲ್ಲಿ ಮಾಡಿಸಿದ್ದು. ಎರಡರಲ್ಲೂ ಟಿಎಸ್‌ಎಚ್ 4.6. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು; ಗ್ರಂಥಿ ಸೋಮಾರಿಯಾದರೆ ಈ ಅಂಕಿ ಏರುತ್ತದೆ, ಅತಿಯಾಗಿ ದುಡಿದರೆ ಇಳಿಯುತ್ತದೆ. ನಮ್ಮದರಲ್ಲಿ ಅಂಕಿ ದಪ್ಪಗೆ ಅಚ್ಚಾಗಿ, ಪಕ್ಕದಲ್ಲಿ 'ಹೈ' ಅಂತ ಇತ್ತು. ಇನ್ನೊಂದು ಲ್ಯಾಬಿನದರಲ್ಲಿ ಅದೇ ಅಂಕಿ ಸಾಧುವಾಗಿ ಕೂತಿತ್ತು.

"ನಾನು ಲೆಕ್ಕದ ಮೇಷ್ಟ್ರು ಕಣಪ್ಪ. ಒಂದೇ ಉತ್ತರಕ್ಕೆ ಒಬ್ಬರು ರೈಟ್ ಹಾಕಿದ್ದೀರಿ, ಇನ್ನೊಬ್ಬರು ತಪ್ಪು ಹಾಕಿದ್ದೀರಿ. ಯಾವುದು ಸರಿ?" ಅಂದರು.

ನಮ್ಮ ರಿಪೋರ್ಟಿನ ಬಲಗಡೆ ಕಾಲಂನಲ್ಲಿ 0.27 ರಿಂದ 4.20 ಅಂತ ಇತ್ತು. ಅವರ ಕೈಯಲ್ಲಿದ್ದ ಇನ್ನೊಂದರಲ್ಲಿ 0.35 ರಿಂದ 4.94. ಯಂತ್ರ ಬೇರೆ, ಕಿಟ್ ಬೇರೆ. ಕಿಟ್ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಕಾಗದದಲ್ಲಿ ಏನಿತ್ತೋ ಅದನ್ನೇ ಎರಡೂ ಕಡೆಯವರು ಟೈಪ್ ಮಾಡಿಕೊಂಡಿದ್ದೆವು, ಅಷ್ಟೇ. ಅದೇ ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿರುತ್ತದೆ. ಈ ರೇಂಜ್ ನಿಮ್ಮ ಊರಿನ ಜನಕ್ಕೆ ಹೊಂದುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ ಅಂತ. ಆ ಸಾಲನ್ನು ನಾನೂ ಓದಿದ್ದೆ. ಓದಿ ಡಬ್ಬಿ ಮುಚ್ಚಿದ್ದೆ.

ನಾನು ಮೈಸೂರಿನ ಒಂದು ಮಧ್ಯಮ ಗಾತ್ರದ ಲ್ಯಾಬಿನಲ್ಲಿ ಟೆಕ್ನಿಷಿಯನ್. ಶ್ರೀರಂಗಪಟ್ಟಣ, ಪಾಂಡವಪುರ, ಮದ್ದೂರು ಕಡೆಯಿಂದೆಲ್ಲ ನಮಗೆ ಸ್ಯಾಂಪಲ್ ಬರುತ್ತವೆ. ಸಂಜೆ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಹಾಕುವ ಚಟ ಇದೆ. ಮೇಷ್ಟ್ರು ಹೋದಮೇಲೆ ನಮ್ಮ ಪೆಥಾಲಜಿಸ್ಟ್ ಮೇಡಂ ಹತ್ತಿರ ಹೋಗಿ, ನಮ್ಮ ರೇಂಜ್ ನಾವೇ ಕಂಡುಹಿಡಿಯೋಣ ಅಂದೆ. ಅವರು ನಕ್ಕು, "120 ಜನ ಆರೋಗ್ಯವಂತರನ್ನ ಕರೆದುಕೊಂಡು ಬಾ, ಮಾಡೋಣ" ಅಂದರು.

ಆ 120 ಸುಮ್ನೆ ಹೇಳಿದ ಸಂಖ್ಯೆ ಅಲ್ಲ. ನಾರ್ಮಲ್ ರೇಂಜ್ ಅಂದರೆ ಆರೋಗ್ಯವಂತರ ನಡುವಿನ 95 ಭಾಗ. ಕೆಳಗಿನ ಎರಡೂವರೆ, ಮೇಲಿನ ಎರಡೂವರೆ ಕತ್ತರಿಸಿ ಬಿಟ್ಟದ್ದು. 120 ಜನರ ರಕ್ತ ಪರೀಕ್ಷಿಸಿ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ಕೆಳಗಿನಿಂದ ಮೂರನೆಯದು ಒಂದು ಗಡಿ, ಮೇಲಿನಿಂದ ಮೂರನೆಯದು ಇನ್ನೊಂದು ಗಡಿ. ಅದಕ್ಕಿಂತ ಕಡಿಮೆ ಜನ ಇದ್ದರೆ ಆ ಗಡಿಗಳ ಮೇಲೆ ಎಷ್ಟು ನಂಬಿಕೆ ಇಡಬಹುದು ಅಂತ ಹೇಳುವುದಕ್ಕೇ ಆಗುವುದಿಲ್ಲ. ಇದು ಲ್ಯಾಬ್ ಪ್ರಪಂಚದವರು ಒಪ್ಪಿಕೊಂಡಿರುವ ಪದ್ಧತಿ. ಗಂಡಸರಿಗೆ 120, ಹೆಂಗಸರಿಗೆ 120, ವಯಸ್ಸಾದವರನ್ನು ಬೇರೆ ಮಾಡಿದರೆ ಅವರಿಗೂ 120. ನಮ್ಮಂಥ ಲ್ಯಾಬಿಗೆ ಆಗುವ ಹೋಗುವ ಮಾತಲ್ಲ.

ಆದರೆ ನಮ್ಮ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆಯ ರಿಪೋರ್ಟ್‌ಗಳು ಬಿದ್ದಿವೆ. ಬರುವವರೆಲ್ಲ ರೋಗಿಗಳಲ್ಲ. ಸುಸ್ತು ಅಂತ ಬರುವವರು, ಕೆಲಸಕ್ಕೆ ಸೇರುವ ಮುಂಚೆ ಬರುವವರು, ದಸರಾ ಹೊತ್ತಿಗೆ ಕಡಿಮೆ ರೇಟಿನ ಪ್ಯಾಕೇಜ್ ನೋಡಿ ಮನೆಮಂದಿಯನ್ನೆಲ್ಲ ಕರೆತರುವವರು. ಇಂಥವರದೇ ಜಾಸ್ತಿ. ಆ ರಾಶಿಯೊಳಗೆ ಆರೋಗ್ಯವಂತರ ಅಂಕಿಗಳು ಅಡಗಿ ಕೂತಿವೆ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಂದೊಂದಾಗಿ ಆರಿಸುವುದಕ್ಕೆ ಆಗಲ್ಲ, ಯಾವುದು ಕಲ್ಲು ಅಂತ ಗೊತ್ತಿಲ್ಲವಲ್ಲ. ಆದರೆ ರಾಶಿಯ ಆಕಾರ ನೋಡಿ ಅಕ್ಕಿಯ ಪಾಲು ಅಂದಾಜು ಮಾಡಬಹುದು. 1963ರಲ್ಲೇ ಹಾಫ್‌ಮನ್ ಎಂಬವರು ಗ್ರಾಫ್ ಹಾಳೆ ಮೇಲೆ ಗೆರೆ ಎಳೆದು ಇದನ್ನು ಮಾಡಿ ತೋರಿಸಿದ್ದರು.

ಮೇಡಂ ಒಪ್ಪಿದರು. ಹೆಸರು, ಫೋನ್ ನಂಬರ್ ಲ್ಯಾಬಿನಿಂದ ಆಚೆ ಹೋಗಬಾರದು, ಅಷ್ಟೇ ಅವರ ಷರತ್ತು. ಪ್ರತಿಯೊಬ್ಬರಿಗೂ ಒಂದು ಅರ್ಥವಿಲ್ಲದ ಕೋಡ್ ಕೊಟ್ಟು ಉಳಿದದ್ದನ್ನು ಅಳಿಸಿದೆ. ಟಿಎಸ್‌ಎಚ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್. ಈ ಮೂರೇ ಸಾಕು ಅಂದುಕೊಂಡೆವು.

ಫೈಲ್ ತೊಳೆದದ್ದು

ಎರಡು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲ ಸಲ ಫೈಲ್ ತೆಗೆದಾಗ ಎಕ್ಸೆಲ್ ಸ್ಯಾಂಪಲ್ ನಂಬರಿನ ಮುಂದಿನ ಸೊನ್ನೆಗಳನ್ನೆಲ್ಲ ತಿಂದುಹಾಕಿತು. 000431 ಹೋಗಿ 431 ಆಯಿತು. ರಕ್ತ ತೆಗೆದು ನಮಗೆ ಕಳಿಸುವ ಬೇರೆ ಬೇರೆ ಕೇಂದ್ರದ ನಂಬರ್‌ಗಳು ಒಂದರ ಮೇಲೊಂದು ಬಿದ್ದವು. ಅಲ್ಲಿಗೆ ಎಕ್ಸೆಲ್ ಮುಚ್ಚಿ, ಸಿಎಸ್‌ವಿ ಫೈಲನ್ನು ನೇರವಾಗಿ ಆರ್ ಎಂಬ ಅಂಕಿಅಂಶದ ಪ್ರೋಗ್ರಾಂನಲ್ಲಿ ಓದಿಸಿದೆ. ಎಲ್ಲ ಕಾಲಂ ಮೊದಲು ಅಕ್ಷರವಾಗಿಯೇ ಬರಲಿ, ಆಮೇಲೆ ಅಂಕಿ ಮಾಡೋಣ ಅಂತ.

ಟಿಎಸ್‌ಎಚ್ ಕಾಲಂನಲ್ಲಿ ಅಂಕಿ ಅಲ್ಲದ್ದು ಏನೇನಿತ್ತು ಅಂತೀರಿ! 'ಸ್ಯಾಂಪಲ್ ಸಾಲದು'. 'ರಿಪೀಟ್'. '2.1.' ಅಂತ ಕೊನೆಯಲ್ಲಿ ಒಂದು ಚುಕ್ಕಿ. ಸೊನ್ನೆಯ ಬದಲು ಓ ಅಕ್ಷರ. 'ಇಷ್ಟಕ್ಕಿಂತ ಕಡಿಮೆ' ಎಂಬ ಚಿಹ್ನೆ ಹಾಕಿದ 0.005. ಈ ಕೊನೆಯದನ್ನು ಎಸೆಯುವ ಹಾಗಿಲ್ಲ. ಯಂತ್ರದ ಅಳತೆಗೂ ಸಿಗದಷ್ಟು ಕಡಿಮೆ ಅಂತ ಅದರ ಅರ್ಥ, ಅದೂ ಒಂದು ಮಾಹಿತಿಯೇ. ಅವನ್ನು ಬೇರೆ ಗುರುತು ಹಾಕಿ ಇಟ್ಟೆ.

ವಯಸ್ಸಿನ ಕಾಲಂ ಇನ್ನೂ ಚೆನ್ನ. ನಮ್ಮ ಊರಿನಲ್ಲಿ ಸರಿಯಾಗಿ 30, 40, 50, 60 ವರ್ಷದವರು ವಿಪರೀತ ಇದ್ದಾರೆ. 41, 51ರವರು ಕಮ್ಮಿ. ಕೌಂಟರಿನಲ್ಲಿ ಕೇಳಿದಾಗ ಅಜ್ಜಿಯರು "ಒಂದರವತ್ತು ಹಾಕ್ಕೊಳಪ್ಪ" ಅನ್ನುತ್ತಾರೆ, ನಾವು ಹಾಕಿಕೊಳ್ಳುತ್ತೇವೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಒಬ್ಬರೇ ಮತ್ತೆ ಮತ್ತೆ ಬರುವುದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಆರೋಗ್ಯವಾಗಿರುವವರು ಒಮ್ಮೆ ಬಂದರೆ ಮತ್ತೆ ನಮ್ಮ ಮುಖ ನೋಡುವುದಿಲ್ಲ. ಹಾಗೇ ಬಿಟ್ಟರೆ ಒಬ್ಬ ರೋಗಿ ಎಂಟು ಸಲ ಲೆಕ್ಕಕ್ಕೆ ಬಂದು ರಾಶಿಯ ಆಕಾರವನ್ನೇ ಕೆಡಿಸುತ್ತಾನೆ. ಒಬ್ಬರಿಗೆ ಒಂದೇ ಅಂಕಿ ಅಂತ ನಿಯಮ ಮಾಡಿದೆ. ಆದರೆ ಒಬ್ಬರು ಅಂದರೆ ಯಾರು? ಒಂದೇ ಮನುಷ್ಯ ಒಮ್ಮೆ ಮಂಜುನಾಥ, ಒಮ್ಮೆ ಮಂಜುನಾಥ್, ಒಮ್ಮೆ ಮಂಜು. ಫೋನ್ ನಂಬರ್ ನೋಡೋಣ ಅಂದರೆ ಇಡೀ ಮನೆಗೆ ಮಗನ ನಂಬರ್ ಒಂದೇ. ಕೊನೆಗೆ ನಂಬರ್, ಲಿಂಗ, ಅಂದಾಜು ವಯಸ್ಸು, ಹೆಸರಿನ ಮೊದಲ ಮೂರು ಅಕ್ಷರ ಸೇರಿಸಿ ಒಂದು ಗುರುತು ಮಾಡಿದೆ. ಈ ಕೆಲಸ ಲ್ಯಾಬಿನ ಕಂಪ್ಯೂಟರಿನಲ್ಲೇ ಮುಗಿಸಿದೆ. ಎರಡಕ್ಕಿಂತ ಜಾಸ್ತಿ ಸಲ ಟಿಎಸ್‌ಎಚ್ ಮಾಡಿಸಿದವರನ್ನು ಪೂರ್ತಿ ಕೈಬಿಟ್ಟೆ. ಡಯಾಲಿಸಿಸ್, ವಾರ್ಡ್, ಐಸಿಯು, ಗರ್ಭಿಣಿಯರು, ಎಲ್ಲರೂ ಹೊರಗೆ. ಗರ್ಭಿಣಿಯರಲ್ಲಿ ಮೊದಲ ಮೂರು ತಿಂಗಳು ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತದೆ, ಅವರ ರೇಂಜೇ ಬೇರೆ.

ನಡುವೆ ಒಮ್ಮೆ ನಮ್ಮ ಯಂತ್ರ ಬದಲಾಗಿತ್ತು. ಅದಕ್ಕಿಂತ ಮುಂಚಿನದನ್ನೆಲ್ಲ ಬಿಟ್ಟೆ. ಹೊಟ್ಟೆ ಉರಿಯಿತು, ಅರ್ಧಕ್ಕರ್ಧ ಹೋಯಿತು. ಆದರೆ ಮೇಷ್ಟ್ರ ಎರಡು ರಿಪೋರ್ಟ್‌ನ ಜಗಳವೇ ಅದಲ್ವಾ? ಎರಡು ಕಿಟ್‌ನ ಅಂಕಿ ಬೆರೆಸಿದರೆ ಹಾಲಿಗೆ ಮಜ್ಜಿಗೆ ಬೆರೆಸಿದ ಹಾಗೆ.

ಸುಳ್ಳು ರೋಗಿಗಳು

ಮೇಡಂ ಒಂದು ಒಳ್ಳೆಯ ಮಾತು ಹೇಳಿದರು. "ಮೊದಲು ಉತ್ತರ ಗೊತ್ತಿರೋ ಲೆಕ್ಕ ಕೊಟ್ಟು ನೋಡು."

ಹಾಗಾಗಿ ಕಂಪ್ಯೂಟರಿನಲ್ಲಿ 10,000 ಸುಳ್ಳು ಟಿಎಸ್‌ಎಚ್ ಹುಟ್ಟಿಸಿದೆ. ನೂರಕ್ಕೆ 85 ಆರೋಗ್ಯವಂತರು, ಅವರ ನಿಜವಾದ ಗಡಿ 0.5 ಮತ್ತು 4.5, ನಡುವಿನ ಅಂಕಿ 1.5. ನೂರಕ್ಕೆ 12 ಥೈರಾಯ್ಡ್ ಕಡಿಮೆ ಕೆಲಸ ಮಾಡುವವರು, ಅವರ ಅಂಕಿ 9ರ ಸುತ್ತ. ಉಳಿದ 3 ಜನ ಉಲ್ಟಾ, 0.05ರ ಸುತ್ತ. ಎಲ್ಲ ಕಲಸಿ, ಏನೂ ಯೋಚಿಸದೆ ಕೆಳಗಿನ ಎರಡೂವರೆ, ಮೇಲಿನ ಎರಡೂವರೆ ಕತ್ತರಿಸಿದೆ. ಬಂದದ್ದು 0.11 ರಿಂದ ಹದಿನಾಲ್ಕೂವರೆ ಚಿಲ್ಲರೆ! ಇದನ್ನು ರಿಪೋರ್ಟಿನಲ್ಲಿ ಹಾಕಿದರೆ ನಮ್ಮ ಜಿಲ್ಲೆಯಲ್ಲಿ ಥೈರಾಯ್ಡ್ ಕಾಯಿಲೆಯೇ ಇರುವುದಿಲ್ಲ.

ಆಮೇಲೆ ಅದೇ ರಾಶಿಗೆ ಭಟ್ಟಾಚಾರ್ಯ ವಿಧಾನ ಹಾಕಿದೆ. ಸಿ.ಜಿ. ಭಟ್ಟಾಚಾರ್ಯ 1967ರಲ್ಲಿ ಬರೆದದ್ದು. ಇದನ್ನು ಮೀನಿನ ಲೆಕ್ಕ ಹಾಕುವ ವಿಜ್ಞಾನಿಗಳೂ ಬಳಸುತ್ತಾರೆ. ಬಲೆಗೆ ಬಿದ್ದ ಮೀನುಗಳ ಉದ್ದ ಅಳೆದರೆ ಹೋದ ವರ್ಷದ ಮರಿ, ಅದರ ಹಿಂದಿನ ವರ್ಷದ ಮರಿ ಎಲ್ಲ ಕಲಸಿರುತ್ತವಲ್ಲ, ಅವನ್ನು ಬೇರೆ ಮಾಡುವುದಕ್ಕೆ. ಕನ್ನಂಬಾಡಿ ಹಿನ್ನೀರಿನ ಮೀನಿಗೆ ಆಗುವುದು ಮೈಸೂರಿನ ರಕ್ತಕ್ಕೆ ಯಾಕಾಗಬಾರದು? ಟಿಎಸ್‌ಎಚ್ ಒಂದು ಕಡೆಗೆ ಬಾಲ ಎಳೆದುಕೊಂಡಿರುತ್ತದೆ, ಅದಕ್ಕೆ ಮೊದಲು ಲಾಗ್ ತೆಗೆದೆ. ಉತ್ತರ 0.5, 4.5ರ ಪಕ್ಕಕ್ಕೇ ಬಂದು ನಿಂತಿತು. ಆವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಬಾಚಣಿಗೆ, ಆಮೇಲೆ ಗೂನು

ನಿಜವಾದ ಅಂಕಿಗೆ ಬರೋಣ. ಪೊಟ್ಯಾಸಿಯಂ ಸುಲಭ ಅಂತ ಅದರಿಂದ ಶುರು ಮಾಡಿದೆ. ಅದು ಎರಡೂ ಕಡೆ ಸಮನಾಗಿ ಇಳಿಯುವ ಗಂಟೆಯಾಕಾರದ್ದು. ಕಿಟ್ ಹೇಳುವ ರೇಂಜ್ 3.5 ರಿಂದ 5.1.

ಯಾವ ಅಂಕಿ ಎಷ್ಟು ಜನಕ್ಕೆ ಬಂದಿದೆ ಅಂತ ಕಂಬ ನಿಲ್ಲಿಸಿದ ಮೊದಲ ಗ್ರಾಫ್ ನೋಡಿ ಗಾಬರಿಯಾಯಿತು. ಒಂದು ಕಂಬ ಎತ್ತರ, ಪಕ್ಕದ್ದು ಅರ್ಧ, ಮತ್ತೆ ಎತ್ತರ, ಮತ್ತೆ ಅರ್ಧ. ಥೇಟ್ ಹಲ್ಲು ಮುರಿದ ಬಾಚಣಿಗೆ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ನಮ್ಮ ಪೊಟ್ಯಾಸಿಯಂ ಒಂದೇ ದಶಮಾಂಶಕ್ಕೆ ಅಚ್ಚಾಗುತ್ತದೆ: 4.1, 4.2, 4.3. ನಾನು ಕಂಬದ ಅಗಲ 0.15 ಇಟ್ಟಿದ್ದೆ. ಒಂದು ಕಂಬಕ್ಕೆ ಎರಡು ಅಂಕಿ ಬಿದ್ದರೆ ಮುಂದಿನದಕ್ಕೆ ಒಂದೇ. ತಪ್ಪು ರಕ್ತದ್ದಲ್ಲ, ನನ್ನದು. ಅಗಲ 0.1 ಮಾಡಿದೆ, ಗುಡ್ಡ ನುಣುಪಾಯಿತು.

ಈಗ ಭಟ್ಟಾಚಾರ್ಯ ಲೆಕ್ಕ. ಹೇಗೆ ಅಂತ ಒಂದು ಮಾದರಿ ಅಂಕಿ ಇಟ್ಟುಕೊಂಡು ತೋರಿಸುತ್ತೇನೆ, ಕ್ಯಾಲ್ಕುಲೇಟರ್ ಸಾಕು. 4.2ರ ಕಂಬದಲ್ಲಿ 500 ಜನ, 4.3ರಲ್ಲಿ 480, 4.4ರಲ್ಲಿ 425, 4.5ರಲ್ಲಿ 346, 4.6ರಲ್ಲಿ 260 ಅಂತ ಇಟ್ಟುಕೊಳ್ಳಿ. ಪ್ರತಿ ಕಂಬವನ್ನು ಅದರ ಹಿಂದಿನದರಿಂದ ಭಾಗಿಸಿ ನ್ಯಾಚುರಲ್ ಲಾಗ್ (ಕ್ಯಾಲ್ಕುಲೇಟರಿನ ln ಬಟನ್) ತೆಗೆಯಿರಿ. ಮೈನಸ್ 0.041, ಮೈನಸ್ 0.122, ಮೈನಸ್ 0.206, ಮೈನಸ್ 0.286 ಬರುತ್ತದೆ. ಪ್ರತಿ ಹೆಜ್ಜೆಗೂ ಹೆಚ್ಚುಕಮ್ಮಿ 0.082 ಇಳಿತ. ಅಂದರೆ ಇವನ್ನು ಹಿಂದಿನ ಕಂಬದ ನೇರಕ್ಕೆ ಚುಕ್ಕಿ ಇಟ್ಟು ಸೇರಿಸಿದರೆ ನೇರ ಗೆರೆ. ಗುಡ್ಡ ಒಂದೇ ಗುಂಪಿನದಾಗಿದ್ದರೆ ಹೀಗೆ ಗೆರೆ ನೇರ ಬರುತ್ತದೆ. ಗೆರೆ ಸೊನ್ನೆ ದಾಟುವ ಜಾಗಕ್ಕೆ ಅರ್ಧ ಕಂಬದ ಅಗಲ ಕೂಡಿಸಿದರೆ ಸರಾಸರಿ: 4.2. ಕಂಬದ ಅಗಲವನ್ನು ಗೆರೆಯ ಇಳಿಜಾರಿನಿಂದ (0.1ಕ್ಕೆ 0.082 ಇಳಿತ, ಅಂದರೆ 0.82) ಭಾಗಿಸಿ ವರ್ಗಮೂಲ ತೆಗೆದರೆ ಹರವು, ಅಂದರೆ ಸ್ಟ್ಯಾಂಡರ್ಡ್ ಡಿವಿಯೇಷನ್: 0.35. ಆ ಹರವಿನ 1.96 ಪಟ್ಟನ್ನು ಎರಡೂ ಕಡೆ ಹಾಕಿದರೆ 3.5 ರಿಂದ 4.9. ಇದರಲ್ಲಿ ರೋಗಿಗಳನ್ನು ಹುಡುಕಿ ತೆಗೆಯುವ ಕೆಲಸವೇ ಇಲ್ಲ. ಅವರು ಗುಡ್ಡದ ಬುಡದಲ್ಲಿ ಗೆರೆಯನ್ನು ಬಗ್ಗಿಸುತ್ತಾರೆ. ನಾವು ನೇರ ಇರುವ ಭಾಗ ಮಾತ್ರ ತೆಗೆದುಕೊಳ್ಳುತ್ತೇವೆ.

ನಮ್ಮ ಅಂಕಿಗಳಲ್ಲೂ ಗೆರೆ ಚೆನ್ನಾಗಿ ಇಳಿಯುತ್ತಾ ಬಂತು. 5 ದಾಟುವ ಹೊತ್ತಿಗೆ ಬಗ್ಗಿತು. ಬಗ್ಗಲಿ, ರೋಗಿಗಳು ಇದ್ದೇ ಇರುತ್ತಾರೆ. ಆದರೆ ಅದು ಬಗ್ಗಿ, ಮೇಲೆ ಹತ್ತಿ, ಮತ್ತೆ ನೇರವಾಗಿ ಇಳಿಯಿತು. ಅಂದರೆ ಅಲ್ಲಿ ಇನ್ನೊಂದು ಸಣ್ಣ ಗುಡ್ಡ ಇದೆ. ದೊಡ್ಡ ಗುಡ್ಡದ ಬೆನ್ನಿಗೆ ಗೂನು ಬಂದ ಹಾಗೆ. ಕಿಡ್ನಿ ರೋಗಿಗಳಾದರೆ ಅಂಕಿಗಳು ಅಲ್ಲೊಂದು ಇಲ್ಲೊಂದು ಚದುರಿರುತ್ತವೆ, ಹೀಗೆ ಅಚ್ಚುಕಟ್ಟಾಗಿ ಗುಂಪು ಕಟ್ಟುವುದಿಲ್ಲ. ಡಯಾಲಿಸಿಸ್‌ನವರನ್ನು ಹೇಗೂ ತೆಗೆದಿದ್ದೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿದೆ, ಗೂನಿನಲ್ಲಿದ್ದವರಿಗೆಲ್ಲ ಸರಿಯಾಗೇ ಇತ್ತು.

ರಕ್ತಕಣ ಒಡೆದಿರಬಹುದಾ? ಸೂಜಿ ಸರಿಯಾಗಿ ಹಾಕದಿದ್ದರೆ, ಟ್ಯೂಬ್ ಜೋರಾಗಿ ಅಲ್ಲಾಡಿಸಿದರೆ ಕಣ ಒಡೆದು ಪೊಟ್ಯಾಸಿಯಂ ಏರುತ್ತದೆ. ಆದರೆ ಆಗ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ, ಕೆಂಪಗಾಗುತ್ತದೆ, ಯಂತ್ರವೇ ಗುರುತು ಹಾಕುತ್ತದೆ. ಇಲ್ಲಿ ಗುರುತು ಇರಲಿಲ್ಲ. ಸೀರಂ ಬಣ್ಣ ಸರಿಯಾಗಿತ್ತು.

ಹೆಂಗಸರು ಗಂಡಸರು ಬೇರೆ ಮಾಡಿದೆ, ಗೂನು ಎರಡರಲ್ಲೂ ಇತ್ತು. ವಯಸ್ಸು ಬೇರೆ ಮಾಡಿದೆ, ಇತ್ತು. ತಿಂಗಳು ಬೇರೆ ಮಾಡಿದೆ. ಒಂದು ತಿಂಗಳಿಂದ ಈಚೆಗೆ ಇತ್ತು, ಅದಕ್ಕೆ ಮುಂಚೆ ಇರಲಿಲ್ಲ! ಕೊನೆಗೆ ಸ್ಯಾಂಪಲ್ ತೆಗೆದ ಕೇಂದ್ರ ಬೇರೆ ಮಾಡಿದೆ. ಮೈಸೂರಿನದು ನುಣುಪಾದ ಗುಡ್ಡ. ಉಳಿದ ಕೇಂದ್ರಗಳದೂ ಹಾಗೇ. ಮಂಡ್ಯ ಕಡೆಯ ಒಂದೇ ಒಂದು ಕೇಂದ್ರದ ಅಂಕಿಗಳು ಇಡಿಯಾಗಿ ಬಲಗಡೆಗೆ ಜರುಗಿ ಕೂತಿದ್ದವು.

ಮಂಡ್ಯ ಕಡೆಗೆ

ಭಾನುವಾರ ಬೈಕ್ ಹತ್ತಿದೆ. ಆ ಕೇಂದ್ರ ನೋಡಿಕೊಳ್ಳುವ ಹುಡುಗ ಒಳ್ಳೆಯವನು, ಕೈ ಚುರುಕು, ಸೂಜಿ ಹಾಕಿದ್ದು ಗೊತ್ತೇ ಆಗುವುದಿಲ್ಲ. ಮೂಲೆಯಲ್ಲಿ ಸೆಂಟ್ರಿಫ್ಯೂಜ್, ಅಂದರೆ ಟ್ಯೂಬನ್ನು ಜೋರಾಗಿ ತಿರುಗಿಸಿ ಕಣದಿಂದ ಸೀರಂ ಬೇರೆ ಮಾಡುವ ಯಂತ್ರ. ಅದರ ಮೇಲೆ ಒಂದು ಕ್ಯಾಲೆಂಡರ್, ಕ್ಯಾಲೆಂಡರ್ ಮೇಲೆ ಹೆಲ್ಮೆಟ್. ನೋಡಿದ ಕೂಡಲೇ ಅರ್ಥವಾಯಿತು.

"ಅದು ಕೆಟ್ಟು ಸುಮಾರು ದಿನ ಆಯ್ತು ಸಾ. ಹೇಳಿದ್ದೆ, ಯಾರೂ ಬರ್ಲಿಲ್ಲ. ಅದ್ಕೇ ಟ್ಯೂಬ್ ಫ್ರಿಜ್ಜಲ್ಲಿ ಇಕ್ಕಿ, ಐಸ್ ಬಾಕ್ಸಲ್ಲಿ ಕಳ್ಸ್ತಾ ಇದೀನಿ. ತಣ್ಣಗಿದ್ರೆ ಕೆಡಲ್ಲ ಅಲ್ವಾ?"

ಹಾಲಾಗಿದ್ದರೆ ಅವನ ಮಾತು ಸರಿ. ರಕ್ತಕ್ಕೆ ಆಗಲ್ಲ. ಕೆಂಪು ಕಣದ ಒಳಗೆ ಪೊಟ್ಯಾಸಿಯಂ ಸುಮಾರು 140, ಹೊರಗಿನ ದ್ರವದಲ್ಲಿ ಬರೀ 4. ಈ ವ್ಯತ್ಯಾಸ ತಾನಾಗಿ ನಿಲ್ಲುವುದಿಲ್ಲ. ಕಣದ ಗೋಡೆಯಲ್ಲಿರುವ ಪಂಪುಗಳು ಹಗಲೂ ರಾತ್ರಿ ಸೋರಿದ್ದನ್ನು ಒಳಗೆ ಎತ್ತಿ ಹಾಕುತ್ತಿರುತ್ತವೆ. ಚಳಿಗೆ ಪಂಪು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಕರೆಂಟ್ ಹೋದಾಗ ಬಾವಿಯೊಳಗೆ ನೀರು ಜಿನುಗಿ ತುಂಬಿದ ಹಾಗೆ. ಬೆಳಗ್ಗೆ ಏಳಕ್ಕೆ ತೆಗೆದ ರಕ್ತ ಫ್ರಿಜ್ಜಿನಲ್ಲಿ ಕೂತು, ಮಧ್ಯಾಹ್ನ ಬಸ್ ಹತ್ತಿ, ನಮಗೆ ನಾಲ್ಕಕ್ಕೆ ಬರುವಷ್ಟರಲ್ಲಿ ಪೊಟ್ಯಾಸಿಯಂ ಸುಮ್ನೆ ಏರಿರುತ್ತದೆ. ಕಣ ಒಡೆದಿಲ್ಲ, ಅದಕ್ಕೇ ಸೀರಂ ಕೆಂಪಾಗಿಲ್ಲ, ಅದಕ್ಕೇ ಯಂತ್ರಕ್ಕೂ ಗೊತ್ತಾಗಿಲ್ಲ. ಅದೇ ರಕ್ತವನ್ನು ಮೊದಲೇ ತಿರುಗಿಸಿ ಸೀರಂ ಬೇರೆ ಮಾಡಿ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಅವನನ್ನು ಬಯ್ಯುವ ಮುಖ ನನಗಿರಲಿಲ್ಲ. ಸೆಂಟ್ರಿಫ್ಯೂಜ್ ಕೆಟ್ಟಿದೆ ಅಂತ ಅವನು ಕಳಿಸಿದ ಮೆಸೇಜ್ ನಮ್ಮ ಗ್ರೂಪಿನಲ್ಲೇ ಇತ್ತು. ಅದರ ಕೆಳಗೆ ಯಾರೋ ಹುಟ್ಟುಹಬ್ಬದ ಶುಭಾಶಯ ಹಾಕಿದ್ದರು, ಅದರ ಕೆಳಗೆ ನಾನೂ ಒಂದು ಕೇಕ್ ಹಾಕಿದ್ದೆ.

ಬಿಚ್ಚಿಯೇ ನೋಡೋಣ ಅಂತ ಪ್ಲಗ್ ಕಿತ್ತೆ. ಹಳೇ ಕಾಲದ ಟೇಬಲ್ ಮೇಲಿಡುವ ಯಂತ್ರ. ತಳದ ನಾಲ್ಕು ಸ್ಕ್ರೂ ತೆಗೆದರೆ ಮೋಟಾರ್ ಕಾಣಿಸುತ್ತದೆ. ಅದರ ಎಡಕ್ಕೂ ಬಲಕ್ಕೂ ಒಂದೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಐದು ರೂಪಾಯಿ ಕಾಯಿನ್ ಹಾಕಿ ತಿರುಗಿಸಿದೆ. ಒಂದು ಕಡೆ ಸ್ಪ್ರಿಂಗ್ ಚಿಮ್ಮಿ ಬಂತು, ಅದರ ತುದಿಯಲ್ಲಿ ಕಾರ್ಬನ್ ಬ್ರಷ್ ಅಂತ ಒಂದಿತ್ತು, ಕಡಲೆಬೇಳೆಯಷ್ಟು. ಇನ್ನೊಂದು ಕಡೆಯದು ತನ್ನದೇ ಪುಡಿಯಲ್ಲಿ ಸಿಕ್ಕಿಕೊಂಡು ಹೊರಗೇ ಬರಲಿಲ್ಲ, ಸೂಜಿ ಹಾಕಿ ಎಬ್ಬಿಸಬೇಕಾಯಿತು. ಮೋಟಾರ್ ಸುಟ್ಟಿರಲಿಲ್ಲ. ಬ್ರಷ್ ಸವೆದು ಕರೆಂಟ್ ಮುಟ್ಟುತ್ತಿರಲಿಲ್ಲ, ಅಷ್ಟೇ.

ಮಂಡ್ಯದ ಪೇಟೆ ಬೀದಿಯಲ್ಲಿ ಭಾನುವಾರವೂ ತೆಗೆದಿದ್ದ ಒಂದು ಸ್ಪೇರ್ ಅಂಗಡಿ ಸಿಕ್ಕಿತು. ಸೆಂಟ್ರಿಫ್ಯೂಜಿನದು ಇರಲಿಲ್ಲ, ಡ್ರಿಲ್ ಮೆಷಿನ್‌ದು ಇತ್ತು. ಒಂಚೂರು ದಪ್ಪ. ಸ್ಯಾಂಡ್‌ಪೇಪರ್ ನೆಲದ ಮೇಲಿಟ್ಟು, ಬ್ರಷ್ಷನ್ನು ಅದರ ಮೇಲೆ ಚಪ್ಪಟೆಯಾಗಿ ಉಜ್ಜಿ ಉಜ್ಜಿ ಗೂಡಿನಲ್ಲಿ ಸಲೀಸಾಗಿ ಜಾರುವ ಹಾಗೆ ಮಾಡಿದೆ. ಬಿಗಿಯಾಗಿ ಕೂತರೆ ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳಲಾರದು, ಮತ್ತೆ ಅದೇ ಕಥೆ. ಮೋಟಾರಿನ ತಾಮ್ರದ ಉಂಗುರ ಕಪ್ಪಾಗಿತ್ತು. ಅದನ್ನು ನಯವಾದ ಸ್ಯಾಂಡ್‌ಪೇಪರ್‌ನಿಂದ ಮೆಲ್ಲಗೆ ಒರೆಸಿ, ಪಟ್ಟಿಗಳ ನಡುವಿನ ಸಂದಿಯಲ್ಲಿದ್ದ ಪುಡಿಯನ್ನು ಹಲ್ಲುಜ್ಜುವ ಬ್ರಷ್‌ನಿಂದ ತೆಗೆದೆ. ಎಮರಿ ಪೇಪರ್ ಮಾತ್ರ ಬಳಸಬೇಡಿ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು.

ಹೊಸ ಬ್ರಷ್ ಹಾಕಿದ ಕೂಡಲೇ ಫುಲ್ ಸ್ಪೀಡಿಗೆ ಬಿಡಬಾರದು. ಅದರ ಚಪ್ಪಟೆ ಮುಖ ತಾಮ್ರದ ದುಂಡಿಗೆ ಹೊಂದುವ ತನಕ ಕಿಡಿ ಹಾರುತ್ತದೆ. ಟ್ಯೂಬ್ ಹಾಕದೆ, ಕಡಿಮೆ ವೇಗದಲ್ಲಿ ಅರ್ಧ ಗಂಟೆ ಓಡಿಸಿದೆವು. ಅಷ್ಟರಲ್ಲಿ ಹುಡುಗ ಮದ್ದೂರು ವಡೆ, ಕಾಫಿ ತಂದ. ಆಮೇಲೆ ಎದುರುಬದುರು ಸಮತೂಕದ ಟ್ಯೂಬ್ ಇಟ್ಟು ಹತ್ತು ನಿಮಿಷ ತಿರುಗಿಸಿದೆವು. ಟ್ಯೂಬಿನೊಳಗಿನ ಜೆಲ್ ಕಣಕ್ಕೂ ಸೀರಂಗೂ ನಡುವೆ ಸರಿಯಾಗಿ ಬಂದು ಕೂತಿತು. ಒಂದು ಮಾತು ಅವನಿಗೆ ಮೂರು ಸಲ ಹೇಳಿ ಬಂದೆ: ರಕ್ತ ತೆಗೆದು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡು, ಒಂದೇ ಸಲ ತಿರುಗಿಸು. ಜೆಲ್ ಟ್ಯೂಬನ್ನು ಎರಡನೇ ಸಲ ತಿರುಗಿಸಿದರೆ ಜೆಲ್ ಕೆಳಗೆ ಸೋರಿದ ಪೊಟ್ಯಾಸಿಯಂ ಮೇಲೆ ಬರುತ್ತದೆ.

ವಾಪಸ್ ಬಂದು ಮೇಡಂಗೆ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಆ ಅವಧಿಯ ರಿಪೋರ್ಟ್‌ಗಳ ಪಟ್ಟಿ ತೆಗೆಸಿ ಒಂದೊಂದೇ ಡಾಕ್ಟರಿಗೆ ತಾವೇ ಫೋನ್ ಮಾಡಿದರು. ಉಚಿತವಾಗಿ ಮತ್ತೆ ಪರೀಕ್ಷೆ ಮಾಡಿಕೊಟ್ಟೆವು. ಅವರಲ್ಲೊಬ್ಬರು ಎಳನೀರು ವ್ಯಾಪಾರಿ. ಪೊಟ್ಯಾಸಿಯಂ ಜಾಸ್ತಿ ಇದೆ, ಎಳನೀರು ಮುಟ್ಟಬೇಡಿ ಅಂತ ಅವರಿಗೆ ಹೇಳಿದ್ದರಂತೆ. ದಿನವಿಡೀ ಎಳನೀರು ಕೊಚ್ಚುತ್ತಾ, ಬಾಯಿಗೆ ಒಂದು ಹನಿ ಹಾಕಿಕೊಂಡಿರಲಿಲ್ಲ.

ಎರಡು ತಿಂಗಳ ನಂತರ ಅದೇ ಕೇಂದ್ರದ ಗ್ರಾಫ್ ಮತ್ತೆ ಹಾಕಿದೆ. ಗೂನು ಇರಲಿಲ್ಲ.

ಟಿಎಸ್‌ಎಚ್, ಹಿಮೋಗ್ಲೋಬಿನ್

ಭಟ್ಟಾಚಾರ್ಯ ವಿಧಾನದಲ್ಲಿ ಒಂದು ತೊಂದರೆ ಇದೆ. ನೇರ ಭಾಗ ಎಲ್ಲಿಂದ ಎಲ್ಲಿವರೆಗೆ ಅಂತ ಕಣ್ಣಳತೆಯಲ್ಲಿ ಆರಿಸಬೇಕು. ನಾನು ಆರಿಸಿದ್ದು ಒಂದು, ಮೇಡಂ ಆರಿಸಿದ್ದು ಇನ್ನೊಂದು. ಟಿಎಸ್‌ಎಚ್‌ನಲ್ಲಿ ಈ ಜಗಳ ಬಗೆಹರಿಯಲೇ ಇಲ್ಲ. ಅದಕ್ಕೆ 2021ರಲ್ಲಿ ಬಂದ ರಿಫೈನ್‌ಆರ್ ಎಂಬ ಪ್ಯಾಕೇಜ್ ಹಾಕಿದೆ. ಆರ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದು ತಾನೇ ಬಾಕ್ಸ್-ಕಾಕ್ಸ್ ಎಂಬ ಪರಿವರ್ತನೆ ಮಾಡಿ ಬಾಲವನ್ನು ನೇರ ಮಾಡಿಕೊಳ್ಳುತ್ತದೆ. ನೂರಾರು ಗುಡ್ಡಗಳನ್ನು ಊಹಿಸಿ, ನಮ್ಮ ರಾಶಿಯ ನಡುಭಾಗಕ್ಕೆ ಯಾವುದು ಚೆನ್ನಾಗಿ ಕೂರುತ್ತದೆ ಅಂತ ನೋಡುತ್ತದೆ. ಅಂಕಿ ಸಾವಿರಗಟ್ಟಲೆ ಬೇಕು. ಗಡಿ ಎಷ್ಟು ಅಲ್ಲಾಡುತ್ತದೆ ಅಂತ ತಿಳಿಯಲು ಬೂಟ್‌ಸ್ಟ್ರ್ಯಾಪ್ 200, ಅಂದರೆ ಅದೇ ರಾಶಿಯಿಂದ 200 ಸಲ ಹೊಸದಾಗಿ ಅಂಕಿ ಎತ್ತಿ ಲೆಕ್ಕ ಹಾಕು ಅಂತ ಕೊಟ್ಟು ಮಲಗಿದೆ. ನನ್ನ ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಫ್ಯಾನ್ ಊದಿತು. ಮನೆಯವಳು ಎದ್ದು ಬಂದು ಮಿಕ್ಸಿ ಯಾಕೆ ಓಡ್ತಿದೆ ಅಂತ ಕೇಳಿದಳು.

ಕೆಳಗಿನ ಗಡಿ ಕಿಟ್ ಹೇಳಿದ್ದಕ್ಕಿಂತ ಸ್ವಲ್ಪ ಮೇಲೆ, ಮೇಲಿನ ಗಡಿಯೂ ಸ್ವಲ್ಪ ಮೇಲೆ ಬಂತು. ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಯಾರೋ ಬೇರೆ ಯಂತ್ರದ ತಮ್ಮ ರಿಪೋರ್ಟ್ ಪಕ್ಕ ಇಟ್ಟುಕೊಂಡು ಮಾತ್ರೆ ಬಿಡುತ್ತಾರೆ. ಇನ್ನೂ ಮೇಡಂ ಸಹಿ ಕೂಡ ಬಿದ್ದಿಲ್ಲ.

ಹಿಮೋಗ್ಲೋಬಿನ್ ವಿಷಯದಲ್ಲಿ ಪ್ರೋಗ್ರಾಂ ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟಿತು, ಹೆಂಗಸರ ಕೆಳಗಿನ ಗಡಿ ಎಲ್ಲೋ ಪಾತಾಳದಲ್ಲಿ. ಗೆರೆ ನೇರ, ಗುಡ್ಡ ನುಣುಪು, ಎಲ್ಲ ಸರಿ. ಆದರೂ ಆ ಉತ್ತರ ಕಸದ ಬುಟ್ಟಿಗೆ ಹೋಯಿತು. ಈ ವಿಧಾನಗಳೆಲ್ಲ ರಾಶಿಯಲ್ಲಿ ಆರೋಗ್ಯವಂತರೇ ಜಾಸ್ತಿ ಅಂತ ನಂಬಿಕೊಂಡು ಕೆಲಸ ಮಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ನಮ್ಮ ಬಾಗಿಲಿಗೆ ಬರುವವರಲ್ಲಂತೂ ಸುಸ್ತು ಅಂತಲೇ ಬಂದವರು ಬಹಳ. ಇಲ್ಲಿ ಕಲ್ಲೇ ರಾಶಿ, ಅಕ್ಕಿಯನ್ನೇ ಹುಡುಕಬೇಕು. ಆ ಗಡಿ ಅಚ್ಚು ಹಾಕಿದ್ದರೆ, 10 ಗ್ರಾಂ ಇಟ್ಟುಕೊಂಡು ಕಬ್ಬಿನ ಗದ್ದೆಯಲ್ಲಿ ದಿನವಿಡೀ ದುಡಿಯುವ ಹೆಂಗಸಿನ ರಿಪೋರ್ಟಿನಲ್ಲಿ ದಪ್ಪಕ್ಷರ ಬೀಳುತ್ತಿರಲಿಲ್ಲ. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗಡಿಯನ್ನೇ ಉಳಿಸಿಕೊಂಡೆವು: ಹೆಂಗಸರಿಗೆ 12, ಗಂಡಸರಿಗೆ 13. ಸಕ್ಕರೆ, ಕೊಲೆಸ್ಟ್ರಾಲ್ ಕಡೆಗೂ ಇದೇ ಕಾರಣಕ್ಕೆ ಕೈ ಹಾಕಲಿಲ್ಲ.

ಈಗ ಉಳಿದಿರುವುದು ಟಿಎಸ್‌ಎಚ್‌ನ ಕೊನೆಯ ಪರೀಕ್ಷೆ. ಲೆಕ್ಕದಿಂದ ಬಂದ ಗಡಿಯನ್ನು 20 ಜನ ನಿಜವಾದ ಆರೋಗ್ಯವಂತರ ಮೇಲೆ ಹಾಕಿ ನೋಡಬೇಕು. ಎರಡಕ್ಕಿಂತ ಹೆಚ್ಚು ಜನ ಹೊರಗೆ ಬೀಳದಿದ್ದರೆ ಆ ರೇಂಜ್ ಬಳಸಬಹುದು. ಇಪ್ಪತ್ತೇ ತಾನೇ ಅಂದುಕೊಂಡೆ. ಥೈರಾಯ್ಡ್ ಮಾತ್ರೆ ಇಲ್ಲ, ಮನೆಯಲ್ಲಿ ಯಾರಿಗೂ ಇಲ್ಲ, ಗರ್ಭಿಣಿ ಅಲ್ಲ, ಇತ್ತೀಚೆಗೆ ಜ್ವರ ಬಂದಿಲ್ಲ ಅಂತ ಪಟ್ಟಿ ಹಿಡಿದು ಕೇಳುತ್ತಾ ಹೋದರೆ ನಮ್ಮ ಸ್ಟಾಫಿನಲ್ಲೇ ಅರ್ಧ ಜನ ಜಾರಿದರು. ಇಲ್ಲಿವರೆಗೆ 14 ಟ್ಯೂಬ್ ಆಗಿವೆ, ಒಂದು ಹೊರಗೆ ಬಿದ್ದಿದೆ. ಮಂಡ್ಯದ ಕೇಂದ್ರದ ಹುಡುಗ ತನ್ನ ಕ್ರಿಕೆಟ್ ಟೀಮಿನ ಆರು ಜನರನ್ನು ಶನಿವಾರ ಕೂರಿಸುತ್ತೇನೆ ಅಂದಿದ್ದಾನೆ. ಸೆಂಟ್ರಿಫ್ಯೂಜ್ ಮೇಲೆ ಹೆಲ್ಮೆಟ್ ಇಡಬೇಡ ಅಂತ ಅವನಿಗೆ ಮತ್ತೊಮ್ಮೆ ಮೆಸೇಜ್ ಹಾಕಿದ್ದೇನೆ.